ಮಳೆ ಬಂದ ಮರುದಿನ ಮರಳುಗಲ್ಲನ್ನು ಏರಬಹುದೇ?

ತುಂಗಾತೀರ, ಶಿವಮೊಗ್ಗ:
ನಮ್ಮ ಚಾರಣದ ಗೆಳೆಯರು ಕೆಲವರು ಬರುವ ಮಾರ್ಚ್‌ನಲ್ಲಿ ಜೋರ್ಡಾನ್ ದೇಶದ ವಾದಿ ರಮ್ ಮರುಭೂಮಿಗೆ ಬಂಡೆ ಏರಲು ಹೊರಟಿದ್ದೇವೆ. ಅಲ್ಲಿನ ಬರ್ರಾ ಕಂದರದ ಎರಡೂ ಮರಳುಗಲ್ಲಿನ ಗೋಡೆಗಳಲ್ಲಿ ಬಿರುಕುಗಳನ್ನು ಹಿಡಿದು ಏರುವ ದಾರಿಗಳಿವೆ. ಊರಿನಿಂದ ದೂರ, ಜೀಪಿನಲ್ಲೇ ಹೋಗಬೇಕು. ನಮ್ಮನ್ನು ಕರೆದೊಯ್ಯಲಿರುವ ಬೆದೂಯಿನ್ (ಮರುಭೂಮಿಯ ಅರಬ್ ಬುಡಕಟ್ಟಿನ) ಮಾರ್ಗದರ್ಶಿಯವರು ಮೊದಲೇ ಒಂದು ಷರತ್ತು ಹಾಕಿದ್ದಾರೆ: ಮಳೆ ಬಿದ್ದರೆ ಎರಡು ಮೂರು ದಿನ ಯಾರೂ ಬಂಡೆ ಮುಟ್ಟುವಂತಿಲ್ಲ. ವರ್ಷಕ್ಕೆ ನೂರು ಮಿಲಿಮೀಟರ್ ಮಳೆಯನ್ನೂ ಕಾಣದ ನಾಡು ಅದು. ನಮ್ಮ ಆಗುಂಬೆಯಲ್ಲಿ ಆಷಾಢದ ಒಂದೇ ದಿನ ಅಷ್ಟು ಸುರಿಯುವುದುಂಟು. ಕವಲೇದುರ್ಗದ ಬಂಡೆಗಳು ಬಿಸಿಲು ಬಿದ್ದು ಸ್ವಲ್ಪ ಹೊತ್ತಿಗೆಲ್ಲ ಒಣಗುವುದನ್ನು ನೋಡಿದ ನಮಗೆ ಈ ಷರತ್ತು ಅತಿಯೆನಿಸುತ್ತಿದೆ. ಬಲ್ಲವರು ಹೇಳಬೇಕು.

ಕೊಪ್ಪದ ಕಾಫಿಗಿಡ:
ಅತಿಯೆಂದೇ ನನ್ನ ಅಭಿಪ್ರಾಯ. ವಾದಿ ರಮ್‌ನ ಬೆದೂಯಿನರು ಹಗ್ಗವಿಲ್ಲದೆ ಆ ಬೆಟ್ಟಗಳನ್ನು ಏರಿ ಕಾಡುಮೇಕೆ ಬೇಟೆಯಾಡಿದವರು. 1984ರಲ್ಲಿ ಇಂಗ್ಲೆಂಡಿನ ಟೋನಿ ಹಾವರ್ಡ್ ಮತ್ತು ಸಂಗಡಿಗರು ಅಲ್ಲಿಗೆ ಹೋದಾಗ, ಹೊರಗಿನವರು ಹೊಸದೆಂದುಕೊಳ್ಳಬಹುದಾಗಿದ್ದ ಎಷ್ಟೋ ದಾರಿಗಳು ಆ ಬೇಟೆಗಾರರಿಗೆ ಮೊದಲೇ ಗೊತ್ತಿದ್ದವು. ಮೇಕೆಯ ಬೆನ್ನು ಹತ್ತಿದವರು ಮಳೆಯ ನಂತರ ದಿನ ಎಣಿಸುತ್ತ ಕುಳಿತಿದ್ದರೆಂದು ನಂಬುವುದು ಕಷ್ಟ. ಇಷ್ಟಕ್ಕೂ ಮರುಭೂಮಿಯ ಬಿಸಿಲು ಮತ್ತು ಗಾಳಿಗೆ ತೇವ ಎಷ್ಟು ಹೊತ್ತು ನಿಂತೀತು?

ಸಾಗರದ ಮಾಸ್ತರು:
ತುಂಗಾತೀರದವರೇ, ತಾವು ಕವಲೇದುರ್ಗವನ್ನು ಅಳತೆಗೋಲಾಗಿ ಹಿಡಿದಿರುವುದರಿಂದಲೇ ಈ ಗೊಂದಲ. ನಮ್ಮ ಕಡೆಯ ಗ್ರಾನೈಟ್ ಜಾತಿಯ ಬಂಡೆಯಲ್ಲಿ ಹರಳುಗಳು ಕರಗಿದ ಸ್ಥಿತಿಯಿಂದ ತಣಿಯುತ್ತ ಒಂದಕ್ಕೊಂದು ಹೆಣೆದುಕೊಂಡು ಬೆಳೆದಿರುತ್ತವೆ. ನೀರು ಮೇಲೆ ಹರಿದುಹೋಗುತ್ತದೆಯೇ ಹೊರತು ಒಳಗೆ ಹೆಚ್ಚು ಇಳಿಯುವುದಿಲ್ಲ. ಮಳೆಗಾಲದಲ್ಲಿ ನಾವು ಜಾರುವುದು ಪಾಚಿಯಿಂದ, ಕಲ್ಲು ಸೋತದ್ದರಿಂದಲ್ಲ. ಮರಳುಗಲ್ಲಿನ ಕಥೆ ಬೇರೆ. ಅದು ಹೆಸರಿಗೆ ತಕ್ಕಂತೆ ಮರಳಿನ ಕಣಗಳೇ; ಜೇಡಿ, ಸುಣ್ಣದ ಅಂಶ, ಕಬ್ಬಿಣದ ತುಕ್ಕು ಅಥವಾ ಸಿಲಿಕ, ಇವುಗಳಲ್ಲಿ ಯಾವುದೋ ಒಂದು ಕಣಗಳ ನಡುವೆ ಅಂಟಾಗಿ ನಿಂತು ಅವುಗಳನ್ನು ಹಿಡಿದಿರುತ್ತದೆ. ಕಣಗಳ ನಡುವಿನ ಸಂದುಗಳಿಗೆ ನೀರು ಇಳಿದಾಗ ಜೇಡಿಯ ಅಂಟು ಮೆತ್ತಗಾಗುತ್ತದೆ. ಕೆಲವು ಬಗೆಯ ಮರಳುಗಲ್ಲು ನೀರುಂಡಾಗ ತನ್ನ ಬಲದ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುವುದು ಪ್ರಯೋಗಾಲಯಗಳಲ್ಲಿ ಅಳೆದು ತಿಳಿದಿರುವ ಸಂಗತಿ.

ಇನ್ನು ಮರುಭೂಮಿಯಲ್ಲಿ ನೀರು ಒಳಗಿಳಿಯುತ್ತದೆಯೇ ಎಂಬುದಕ್ಕೆ ವಾದಿ ರಮ್‌ನಲ್ಲಿಯೇ ಸಾಕ್ಷಿಯಿದೆ. ಅಲ್ಲಿ ಅಡಿಯಲ್ಲಿ ಗ್ರಾನೈಟ್, ಅದರ ಮೇಲೆ ನೂರಾರು ಮೀಟರ್ ಮರಳುಗಲ್ಲು. ಮೇಲೆ ಬಿದ್ದ ಮಳೆ ಮರಳುಗಲ್ಲಿನಲ್ಲಿ ಇಂಗಿ ಇಳಿದು, ಗ್ರಾನೈಟ್ ತಡೆದ ಎತ್ತರದಲ್ಲಿ ಬೆಟ್ಟದ ಬದಿಯಿಂದ ಒರತೆಯಾಗಿ ಹೊರಬರುತ್ತದೆ. ಕುರಿ, ಒಂಟೆಗಳಿಗೆ ನೀರು ಕುಡಿಸಿದ್ದು ಆ ಒರತೆಗಳೇ. ಹಾಗಿರುವಾಗ ಮೈ ಒಣಗಿದಂತೆ ಕಂಡಮಾತ್ರಕ್ಕೆ ಒಳಗೂ ಒಣಗಿದೆ ಎನ್ನಲಾಗದು. ಗಣಿಯಿಂದ ಆಗತಾನೆ ಕಡಿದ ಜಂಬಿಟ್ಟಿಗೆ ಕತ್ತಿಗೂ ಬಗ್ಗುವಷ್ಟು ಮೆತ್ತಗಿದ್ದು, ಗಾಳಿ ಬಿಸಿಲಿಗೆ ಗಟ್ಟಿಯಾಗುವುದನ್ನು ಬಲ್ಲ ನಮ್ಮ ಜನಕ್ಕೆ, ಹೊರಗೆ ಗಟ್ಟಿ ಚಿಪ್ಪು, ಒಳಗೆ ಉದುರುವ ಮರಳು ಎಂಬ ಸ್ಥಿತಿಯನ್ನು ಹೆಚ್ಚು ವಿವರಿಸಬೇಕಿಲ್ಲ.

ಹೊಸನಗರದ ಅಕ್ಕ:
ಮಾಸ್ತರರ ಮಾತಿಗೆ ಸಲಕರಣೆಯ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಬಿರುಕಿನಲ್ಲಿ ಏರುವಾಗ ಬಿದ್ದರೆ ತಡೆಯುವುದು ಕ್ಯಾಮ್; ರೇ ಜಾರ್ಡಿನ್ ರೂಪಿಸಿದ, 1978ರಿಂದ ಮಾರಾಟಕ್ಕೆ ಬಂದ ಆ ಸಾಧನ ಹಲ್ಲುಗಳನ್ನು ಅಗಲಿಸಿಕೊಂಡು ಬಿರುಕಿನ ಎರಡೂ ಬದಿಯನ್ನು ಒತ್ತಿ ನಿಲ್ಲುತ್ತದೆ. ಕೆಳಕ್ಕೆ ಎಳೆದ ಬಲದ ಹೆಚ್ಚುಕಡಿಮೆ ಎರಡು ಪಟ್ಟು ಒಂದೊಂದು ಬದಿಯ ಮೇಲೂ ಬೀಳುತ್ತದೆ. ತೇವ ಹಿಡಿದ ಮೃದು ಮರಳುಗಲ್ಲಿನಲ್ಲಿ ಆಗುವುದೇನೆಂದರೆ, ಕ್ಯಾಮ್ ಮುರಿಯುವುದಿಲ್ಲ. ಅದರ ಹಲ್ಲುಗಳ ಅಡಿಯ ಕಲ್ಲು ಹಿಟ್ಟಾಗಿ ಉದುರುತ್ತದೆ, ಕ್ಯಾಮ್ ಗೀರು ಎಳೆಯುತ್ತ ಹೊರಗೆ ಜಾರುತ್ತದೆ. ಒಂದು ಕಿತ್ತರೆ ಕೆಳಗಿನದಕ್ಕೆ ಇನ್ನೂ ದೊಡ್ಡ ಪೆಟ್ಟು. ಕಾಫಿಗಿಡದವರು ಹೇಳಿದ ಬೇಟೆಗಾರರು ಬಿರುಕಿನಲ್ಲಿ ಕಬ್ಬಿಣ ಸಿಕ್ಕಿಸಿ ಅದಕ್ಕೆ ಜೋತುಬಿದ್ದವರಲ್ಲ, ಸ್ವಾಮಿ. ಚಾಚುಗಲ್ಲುಗಳಲ್ಲಿ, ಇಳಿಜಾರು ಹಾಸುಗಳಲ್ಲಿ ದಾರಿ ಹುಡುಕಿಕೊಂಡವರು.

ಬಾದಾಮಿಯಲ್ಲಿ ಏರಿದ ಅನುಭವ ನನಗಿದೆ. ಅದೂ ಮರಳುಗಲ್ಲೇ, ಆದರೆ ಸಿಲಿಕದಿಂದ ಬಿಗಿದ ಬಹಳ ಹಳೆಯ, ಗಟ್ಟಿಯಾದ ಕಲ್ಲು. ಅಲ್ಲಿ ಹೆಚ್ಚಿನ ದಾರಿಗಳಲ್ಲಿ ಹಗ್ಗ ಸಿಕ್ಕಿಸಲು ಬಂಡೆ ಕೊರೆದು ಬೋಲ್ಟ್ ಕೂಡ ಕೂರಿಸಿದ್ದಾರೆ. ಹೊರಡುವ ಮೊದಲು ಅಲ್ಲಿ ಅಭ್ಯಾಸ ಮಾಡುವುದು ಒಳ್ಳೆಯದೇ, ಆದರೆ ಬಾದಾಮಿ ತಡೆದುಕೊಂಡಿತೆಂದು ಬರ್ರಾ ಕೂಡ ತಡೆದುಕೊಂಡೀತು ಎಂದು ಲೆಕ್ಕ ಹಾಕಬೇಡಿ.

ಕೊಪ್ಪದ ಕಾಫಿಗಿಡ:
ಕಲ್ಲು ಸೋಲುತ್ತದೆ ಎಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ನನ್ನ ತಕರಾರು ದಿನಗಳ ಲೆಕ್ಕದ ಮೇಲೆ. ಮಧ್ಯಾಹ್ನವೆಲ್ಲ ಬಿಸಿಲು ಬೀಳುವ ಗೋಡೆಗೂ ದಿನವಿಡೀ ನೆರಳಿನಲ್ಲಿರುವ ಗೋಡೆಗೂ ಒಂದೇ ಗಡುವು ಹೇಗೆ? ಐದು ನಿಮಿಷದ ಹನಿಗೂ ರಾತ್ರಿಯಿಡೀ ಸುರಿದ ಮಳೆಗೂ ಒಂದೇ ನಿಯಮವೇ? ಅಲ್ಲದೆ ಅಪಾಯ ಏರುವವನದು. ಅವನ ಜೀವ, ಅವನ ತೀರ್ಮಾನ.

ತೀರ್ಥಹಳ್ಳಿ ಹುಡುಗ:
ಕಂದರದ ಇನ್ನೊಂದು ಅಪಾಯವನ್ನು ಯಾರೂ ಎತ್ತಲಿಲ್ಲ. 1997ರ ಆಗಸ್ಟ್‌ನಲ್ಲಿ ಅಮೆರಿಕದ ಅರಿಜೋನಾದ ಆಂಟಿಲೋಪ್ ಕಂದರದಲ್ಲಿ, ಎಲ್ಲೋ ಮೇಲ್ಭಾಗದಲ್ಲಿ ಸುರಿದ ಮಳೆಯ ನೀರು ಒಮ್ಮೆಲೇ ನುಗ್ಗಿ 11 ಮಂದಿ ಸತ್ತರು. ಘಟ್ಟದ ಮೇಲೆ ಮಳೆಯಾಗಿ ಹೊಳೆ ಏಕಾಏಕಿ ಕೆಂಪಗೆ ಏರುವುದನ್ನು ಕಂಡವರು ನಾವು. ಇಕ್ಕಟ್ಟಿನ ಸೀಳುಗಳಲ್ಲಿ ತಲೆಯ ಮೇಲಿನ ಆಕಾಶ ಒಂದನ್ನೇ ನೋಡಿ ಧೈರ್ಯ ತಾಳಬಾರದು.

ಹೊಸನಗರದ ಅಕ್ಕ:
ಕಾಫಿಗಿಡದವರೇ, ಜೀವ ಅವನದಿರಬಹುದು, ಗೋಡೆ ಅವನದಲ್ಲ. ಒದ್ದೆ ಕಲ್ಲಿನಲ್ಲಿ ಬೆರಳ ಹಿಡಿಯೊಂದು ಕಿತ್ತುಬಂದರೆ ಆ ದಾರಿ ಮುಂದೆ ಬರುವ ಎಲ್ಲರಿಗೂ ಕೆಟ್ಟಿತು; ಅದನ್ನು ಮತ್ತೆ ಅಂಟಿಸುವ ಹಾಗಿಲ್ಲ. ಜರ್ಮನಿಯ ಎಲ್ಬೆ ನದಿಯ ಮರಳುಗಲ್ಲಿನ ನಾಡಿನಲ್ಲಿ ಒದ್ದೆ ಬಂಡೆ ಏರುವುದನ್ನೇ ನಿಷೇಧಿಸಿದ್ದಾರೆ. ಲೋಹದ ಕ್ಯಾಮ್‌ಗಳಿಗೂ ಅವಕಾಶವಿಲ್ಲ, ಗಂಟು ಹಾಕಿದ ಹಗ್ಗವನ್ನೇ ಬಿರುಕಿಗೆ ಸಿಕ್ಕಿಸಬೇಕು. ಇಂಥ ಕಟ್ಟುಪಾಡಿನ ಬಗ್ಗೆ ಮೊದಲು ನನಗೂ ನಗುವೇ ಬಂದಿತ್ತು ಎನ್ನಿ.

ಗಡುವಿನ ಬಗೆಗಿನ ತಮ್ಮ ತಕರಾರಿನಲ್ಲಿ ಮಾತ್ರ ಹುರುಳಿದೆ. ಅದಕ್ಕೇ ಅನುಭವಿಗಳು ಗೋಡೆಯ ಬುಡದ ಮರಳನ್ನು ಕೈಯಿಂದ ಕೆದಕಿ ನೋಡುತ್ತಾರೆ. ಮೇಲಿನ ಪದರ ಬೂದಿಯಂತೆ ಒಣಗಿ ಹಾರುತ್ತಿದ್ದರೂ, ನಾಲ್ಕು ಬೆರಳು ಆಳದ ಮರಳು ಬಣ್ಣ ಗಾಢವಾಗಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುವಂತಿದ್ದರೆ, ಅವತ್ತು ಹಗ್ಗ ಬಿಚ್ಚುವುದಿಲ್ಲ.

ಕೊಪ್ಪದ ಕಾಫಿಗಿಡ:
ಈ ಪರೀಕ್ಷೆ ನನಗೆ ಒಪ್ಪಿಗೆ. ಹಾಗಾದರೆ ಷರತ್ತನ್ನು ದಿನದ ಲೆಕ್ಕದಿಂದ ಮರಳಿನ ಲೆಕ್ಕಕ್ಕೆ ಬದಲಿಸಿಕೊಡಿ ಎಂದು ಮಾರ್ಗದರ್ಶಿಯವರನ್ನು ಕೇಳಿಕೊಳ್ಳಬಹುದಲ್ಲ?

ಸಾಗರದ ಮಾಸ್ತರು:
ಕೇಳಬಹುದು, ಆದರೆ ಆ ಪರೀಕ್ಷೆ ಒಂದೇ ದಿಕ್ಕಿನಲ್ಲಿ ನಂಬಿಕೆಗೆ ಅರ್ಹ. ಮರಳು ಒದ್ದೆಯಿದ್ದರೆ ಏರಬಾರದು ಎಂಬುದು ಖಚಿತ. ಒಣಗಿದ್ದರೆ ಏರಬಹುದು ಎಂಬುದು ಹಾಗಲ್ಲ. ಮೇಲೆ ಚಾಚಿದ ಬಂಡೆಯ ಮರೆಯಲ್ಲಿ ಬುಡದ ಮರಳಿಗೆ ಹನಿಯೇ ತಾಗದೆ, ಮೂವತ್ತು ಮೀಟರ್ ಮೇಲಿನ ಬಿರುಕಿನಲ್ಲಿ ಇನ್ನೂ ನೀರು ಜಿನುಗುತ್ತಿರಬಹುದು. ಅಂಥ ಗೋಡೆ ಯಾವುದೆಂಬುದು ಅಲ್ಲಿಯೇ ಹುಟ್ಟಿ ಬೆಳೆದವರಿಗೆ ಗೊತ್ತಿರುತ್ತದೆ, ಮೊದಲ ಬಾರಿ ಹೋದವರಿಗಲ್ಲ.

ತುಂಗಾತೀರ, ಶಿವಮೊಗ್ಗ:
ಎಲ್ಲರಿಗೂ ಕೃತಜ್ಞತೆಗಳು. ಷರತ್ತನ್ನು ಇದ್ದಂತೆಯೇ ಒಪ್ಪಿ ಮಾರ್ಗದರ್ಶಿಯವರಿಗೆ ಬರೆಯುತ್ತಿದ್ದೇವೆ. ಯಾವ ಗೋಡೆ ಬೇಗ ಒಣಗುತ್ತದೆ, ಯಾವುದು ತಡವಾಗಿ ಎಂಬುದನ್ನು ಮೊದಲೇ ತಿಳಿಸಬೇಕೆಂದೂ ಕೇಳಿದ್ದೇವೆ. ಅಕ್ಕಾ, ಡಿಸೆಂಬರ್‌ನಲ್ಲಿ ಬಾದಾಮಿಗೆ ಹೋಗುವವರಿದ್ದರೆ ತಿಳಿಸಿ, ನಮ್ಮ ಹುಡುಗರೂ ಬರುತ್ತಾರೆ.