ಬಳ್ಳಾರಿಯ ಗ್ಯಾಲರಿಗೆ ಪ್ರದರ್ಶನದ ಅರ್ಜಿ: ಏನು ಬರೆಯಬೇಕು, ಎಷ್ಟು ಚಿತ್ರ ಕಳಿಸಬೇಕು?

ಪ್ರಶ್ನೆ (ಗಂಗಾವತಿ ತಾಲ್ಲೂಕಿನ ಪ್ರೌಢಶಾಲೆ ಚಿತ್ರಕಲಾ ಶಿಕ್ಷಕರು):
ಮೇಡಂ, ನಮಸ್ಕಾರ. ರಜೆ ಸಿಕ್ಕಾಗಲೆಲ್ಲ ಹಿರೇಬೆಣಕಲ್ಲಿನ ಮೋರ್ಯರ ಗುಡ್ಡಕ್ಕೆ ಹೋಗಿ ಹಿಂದಿನ ಕಾಲದವರು ಸತ್ತವರಿಗಾಗಿ ಕಟ್ಟಿದ ಅಲ್ಲಿನ ಕಲ್ಲುಮನೆಗಳನ್ನು ಬಿಡಿಸುತ್ತೇನೆ. ಅದರ ಜೊತೆ ಭತ್ತದ ಗದ್ದೆ, ದೇವರ ಚಿತ್ರ, ಭಾವಚಿತ್ರ ಎಲ್ಲಾ ಸೇರಿ ನಲವತ್ತಕ್ಕೂ ಜಾಸ್ತಿ ಇವೆ. ಬಳ್ಳಾರಿಯ ಒಂದು ಸಮುದಾಯ ಕಲಾ ಗ್ಯಾಲರಿಯವರು ಪ್ರದರ್ಶನಕ್ಕೆ ಅರ್ಜಿ ಕರೆದಿದ್ದಾರೆ. ಪರಿಕಲ್ಪನೆ ಟಿಪ್ಪಣಿ (ಪ್ರದರ್ಶನದ ಆಶಯ ಹೇಳುವ ಬರಹ), ಕಲಾವಿದರ ಪರಿಚಯ, ಚಿತ್ರಗಳ ಪಟ್ಟಿ ಕೇಳಿದ್ದಾರೆ. ಟಿಪ್ಪಣಿಯಲ್ಲಿ ಏನು ಬರೆಯಬೇಕು? ಎಲ್ಲಾ ಚಿತ್ರಗಳ ಫೋಟೊ ಕಳಿಸಲಾ? ನನಗೆ ಪ್ರಶಸ್ತಿ ಏನೂ ಬಂದಿಲ್ಲ. ಅದು ತೊಂದರೆ ಆಗುತ್ತಾ?

ಉತ್ತರ (ಪ್ರದರ್ಶನ ಸಂಯೋಜಕಿ):
ನಮಸ್ಕಾರ ಸರ್. ಎಲ್ಲಾ ಕಳಿಸಬೇಡಿ. ಕಲ್ಲುಮನೆ ಮತ್ತು ಗದ್ದೆ, ಇವೆರಡನ್ನು ಇಟ್ಟುಕೊಳ್ಳಿ. ದೇವರು, ಭಾವಚಿತ್ರ ಎಷ್ಟೇ ಚೆನ್ನಾಗಿ ಬಂದಿದ್ದರೂ ಈ ಸಲ ಪಕ್ಕಕ್ಕಿಡಿ.

ಆಯ್ಕೆ ಸಮಿತಿಯವರು ನಿಮ್ಮ ಚಿತ್ರಗಳನ್ನು ಎದುರಿಗೆ ನಿಂತು ನೋಡಿರುವುದಿಲ್ಲ. ಅವರ ಕೈಯಲ್ಲಿ ಇರುವುದು ನಿಮ್ಮ ಎರಡು ಪುಟ, ಒಂದಿಷ್ಟು ಫೋಟೊ. ಅಷ್ಟರಲ್ಲೇ ಅವರಿಗೆ ತಮ್ಮ ಹಾಲಿನ ಗೋಡೆ ಮೇಲೆ ಈ ಪ್ರದರ್ಶನ ಹೇಗಿರುತ್ತದೆ ಅಂತ ಕಣ್ಣಿಗೆ ಕಟ್ಟಬೇಕು. ನಲವತ್ತು ಥರದ ಚಿತ್ರ ಕಳಿಸಿದರೆ ನಿಮ್ಮ ಕೈಚಳಕ ಗೊತ್ತಾಗುತ್ತದೆ, ಪ್ರದರ್ಶನ ಕಾಣುವುದಿಲ್ಲ. ಹತ್ತು ಹನ್ನೆರಡು ಸಾಕು. ಅದಕ್ಕಿಂತ ಕಡಿಮೆ ಕೇಳಿದ್ದರೆ ಅಷ್ಟೇ ಕಳಿಸಿ.

ಟಿಪ್ಪಣಿ ಬರೆಯುವಾಗ ತುಂಬಾ ಜನ "ಮಾನವ ಅಸ್ತಿತ್ವದ ನಿರಂತರ ಶೋಧ" ಅಂತ ಶುರು ಮಾಡುತ್ತಾರೆ. ಆ ಸಾಲನ್ನು ಯಾರ ಚಿತ್ರಕ್ಕೆ ಬೇಕಾದರೂ ಅಂಟಿಸಬಹುದು, ಅಲ್ವಾ? ನಿಮ್ಮ ಹತ್ತಿರ ಬೇರೆ ಯಾರಲ್ಲೂ ಇಲ್ಲದ ವಿಷಯ ಇದೆ. ಅದನ್ನೇ ನೇರವಾಗಿ ಹೇಳಿ. ಹೀಗೆ:

"ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಚಪ್ಪಡಿ ಕಲ್ಲು ನಿಲ್ಲಿಸಿ ಕಟ್ಟಿದ ಮನೆಗಳಿವೆ. ಕೆಲವಕ್ಕೆ ಗುಂಡಗಿನ ಕಿಂಡಿ ಇದೆ. ಗುಡ್ಡ ಇಳಿದು ಬಂದರೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳು. ಸತ್ತವರಿಗಾಗಿ ಕಟ್ಟಿದ ಕಲ್ಲುಮನೆಗಳನ್ನೂ ಬದುಕಿರುವವರು ದುಡಿಯುವ ಗದ್ದೆಗಳನ್ನೂ ಒಂದೇ ಗೋಡೆಯ ಮೇಲೆ ತೋರಿಸಬೇಕೆಂಬುದು ನನ್ನ ಆಸೆ."

ಇದನ್ನು ನಿಮ್ಮ ಮಾತಿನಲ್ಲಿ ಬದಲಿಸಿಕೊಳ್ಳಿ. ಆ ಜಾಗ 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿ ಸೇರಿದೆ. ಅದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿ. ಇತಿಹಾಸದ ಪಾಠ ಬರೆಯಲು ಹೋದರೆ ನೀವು ಮಾಯವಾಗುತ್ತೀರಿ. ಬಡಿದರೆ ನಗಾರಿಯಂತೆ ಸದ್ದು ಕೊಡುವ ಆ ಗುಡ್ಡದ ದೊಡ್ಡ ಬಂಡೆಯನ್ನು ಬಿಡಿಸಿದ್ದರೆ ಅದರ ಫೋಟೊ ಮೊದಲೇ ಇಡಿ.

ಪ್ರಶಸ್ತಿ ಇಲ್ಲದಿದ್ದರೆ ಏನೂ ತೊಂದರೆ ಇಲ್ಲ. ಸಮುದಾಯ ಗ್ಯಾಲರಿಯವರು ನೋಡುವುದು ಇನ್ನೊಂದನ್ನು: ಈ ಪ್ರದರ್ಶನ ನೋಡಲು ಊರಿನ ಯಾರು ಬರುತ್ತಾರೆ? ನೀವು ಮೇಷ್ಟ್ರು. ಪ್ರತಿಭಾ ಕಾರಂಜಿಗೆ ಮಕ್ಕಳನ್ನು ತಯಾರು ಮಾಡಿದ್ದು, ಮಕ್ಕಳನ್ನು ಗುಡ್ಡಕ್ಕೆ ಕರೆದುಕೊಂಡು ಹೋಗಿ ಬಿಡಿಸಿದ್ದು, ಇಂಥದ್ದಿದ್ದರೆ ಪರಿಚಯದಲ್ಲಿ ಬರೆಯಿರಿ. ಒಂದು ದಿನ ಬೆಳಿಗ್ಗೆ ಶಾಲಾ ಮಕ್ಕಳಿಗೆ ಅಲ್ಲೇ ಚಿತ್ರ ಬಿಡಿಸುವುದನ್ನು ಹೇಳಿಕೊಡುತ್ತೇನೆ ಅಂತ ಸೇರಿಸಿ. ನನ್ನ ಪ್ರಕಾರ ಇದಕ್ಕೆ ಪ್ರಶಸ್ತಿಗಿಂತ ಹೆಚ್ಚು ತೂಕ ಇದೆ.

ಫೋಟೊ ತೆಗೆಯುವಾಗ ಗಾಜಿನ ಫ್ರೇಮ್ ಕಳಚಿ. ಬೆಳಿಗ್ಗೆ ಪಡಸಾಲೆಯ ನೆರಳಲ್ಲಿ, ಫ್ಲ್ಯಾಶ್ ಇಲ್ಲದೆ, ಮೊಬೈಲನ್ನು ಚಿತ್ರದ ನಟ್ಟನಡುವಿಗೆ ಸರಿಯಾಗಿ ಹಿಡಿಯಿರಿ. ತುಂಬಾ ಹತ್ತಿರ ಹೋದರೆ ಅಂಚು ಬಾಗುತ್ತದೆ. ಸ್ವಲ್ಪ ಹಿಂದೆ ಸರಿದು ಜೂಮ್ ಮಾಡಿ. ಪಟ್ಟಿಯಲ್ಲಿ ಹೆಸರು, ಮಾಧ್ಯಮ (ಯಾವ ಬಣ್ಣ, ಯಾವುದರ ಮೇಲೆ), ಅಳತೆ, ವರ್ಷ, ಬೆಲೆ ಬರಲಿ. ಅಳತೆಯಲ್ಲಿ ಮೊದಲು ಎತ್ತರ, ಆಮೇಲೆ ಅಗಲ. ಇದು ಉಲ್ಟಾ ಆದರೆ ಅಡ್ಡ ಚಿತ್ರವನ್ನು ಉದ್ದ ಚಿತ್ರ ಅಂದುಕೊಳ್ಳುತ್ತಾರೆ. ಪಟ್ಟಿಯ ನಂಬರನ್ನೇ ಫೋಟೊ ಫೈಲಿಗೂ ಕೊಡಿ.

ಇದೆಲ್ಲಕ್ಕಿಂತ ಮುಂಚೆ ಒಂದು ಸಲ ಬಳ್ಳಾರಿಗೆ ಹೋಗಿ ಹಾಲ್ ನೋಡಿ ಬನ್ನಿ. ಟೇಪು ತಗೊಂಡು ಹೋಗಿ.

ಅದೇ ಶಿಕ್ಷಕರು:
ಹೋಗಿ ಬಂದೆ ಮೇಡಂ. ಬಳಸಲು ಎರಡು ಗೋಡೆ ಕೊಡುತ್ತಾರೆ, ಒಂದೊಂದೂ 24 ಅಡಿ. ಒಂದರಲ್ಲಿ ಪಶ್ಚಿಮಕ್ಕೆ ನಾಲ್ಕು ಅಡಿ ಕಿಟಕಿ ಇದೆ. ನನ್ನ ಚಿತ್ರಗಳು ಫ್ರೇಮ್ ಸೇರಿ ಎರಡೂವರೆ ಅಡಿ ಅಗಲ. ಅರ್ಧ ಜಲವರ್ಣ, ಅರ್ಧ ಕ್ಯಾನ್ವಾಸ್ ಮೇಲೆ ಅಕ್ರಿಲಿಕ್.

ಉತ್ತರ:
ಸರ್, ಈಗ ಲೆಕ್ಕ ಸುಲಭ. ಚಿತ್ರದ ಅಗಲ ಎರಡೂವರೆ, ನಡುವೆ ಒಂದೂವರೆ ಅಡಿ ಜಾಗ. ಅಂದರೆ ಒಂದಕ್ಕೆ ನಾಲ್ಕು ಅಡಿ. ಕಿಟಕಿ ಇಲ್ಲದ ಗೋಡೆಗೆ ಆರು ಹಿಡಿಯುತ್ತವೆ. ಆದರೆ ಬಾಗಿಲ ಹತ್ತಿರ ಪರಿಚಯದ ಫಲಕಕ್ಕೆ ಜಾಗ ಬೇಕಲ್ಲ, ಅಲ್ಲಿ ಐದೇ ಇಡಿ. ಕಿಟಕಿ ಗೋಡೆಗೂ ಐದು. ಒಟ್ಟು ಹತ್ತು. ನಾನು ಹನ್ನೆರಡರವರೆಗೂ ಆಗಬಹುದು ಅಂದಿದ್ದೆ, ಈ ಹಾಲಿಗೆ ಹತ್ತೇ ಸರಿ.

ಜಲವರ್ಣ ಕಿಟಕಿ ಹತ್ತಿರ ಬೇಡವೇ ಬೇಡ. ಮಧ್ಯಾಹ್ನದ ಬಳ್ಳಾರಿ ಬಿಸಿಲು ನೇರವಾಗಿ ಬಿದ್ದರೆ ಬಣ್ಣ ಮಾಸುತ್ತದೆ, ಕಾಗದವೂ ಹಳದಿಯಾಗುತ್ತದೆ. ಆ ಗೋಡೆಗೆ ಅಕ್ರಿಲಿಕ್ ಚಿತ್ರಗಳನ್ನು ಹಾಕಿ, ಕಿಟಕಿಗೆ ದಪ್ಪ ಪರದೆ ಕೇಳಿ. ಚಿತ್ರದ ನಡುಭಾಗ ನೆಲದಿಂದ ಸುಮಾರು 58 ಇಂಚು ಎತ್ತರಕ್ಕೆ ಬರಬೇಕು ಅಂತ ಗ್ಯಾಲರಿಗಳಲ್ಲಿ ವಾಡಿಕೆ. ಮಕ್ಕಳು ಜಾಸ್ತಿ ಬರುತ್ತಾರಾದರೆ ನಾಲ್ಕು ಇಂಚು ಇಳಿಸಿ. ಗೋಡೆಯ ಒಂದು ನಕ್ಷೆ ಕೈಯಲ್ಲೇ ಬಿಡಿಸಿ, ಯಾವ ಚಿತ್ರ ಎಲ್ಲಿ ಅಂತ ನಂಬರ್ ಹಾಕಿ ಅರ್ಜಿಗೆ ಸೇರಿಸಿ. ನೀವು ಹಾಲ್ ನೋಡಿದ್ದೀರಿ ಅಂತ ಆ ನಕ್ಷೆಯೇ ಹೇಳುತ್ತದೆ. ಜಲವರ್ಣಕ್ಕೆ ಗಾಜಿನ ಬದಲು ಅಕ್ರಿಲಿಕ್ ಶೀಟ್ (ಗಾಜಿನಂತೆ ಕಾಣುವ ಪ್ಲಾಸ್ಟಿಕ್) ಹಾಕಿಸಿ. ಹಗುರ, ಗಾಡಿಯಲ್ಲಿ ಒಡೆದು ಚೂರಾಗುವ ಭಯವೂ ಇಲ್ಲ.

ಪ್ರಶ್ನೆ (ಕೊಪ್ಪಳ, ಕಾಲೇಜು ವಿದ್ಯಾರ್ಥಿನಿ):
ಅಕ್ಕಾ, ನಮ್ಮ ತಾತನ ಕಾಲದ ತೊಗಲುಗೊಂಬೆಗಳು ಮನೆಯ ಪೆಟ್ಟಿಗೆಯಲ್ಲಿವೆ. ಅವುಗಳ ಪ್ರದರ್ಶನಕ್ಕೂ ಹೀಗೇ ಅರ್ಜಿ ಹಾಕಬಹುದಾ? ಫ್ರೇಮ್ ಹಾಕಿಸಬೇಕಾ?

ಉತ್ತರ:
ಖಂಡಿತ ಹಾಕಮ್ಮ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದ ಮೇಲೆ ಈ ಕಲೆಯ ಬಗ್ಗೆ ಕೇಳುವವರು ಬೇರೆ ಜಿಲ್ಲೆಯಲ್ಲೂ ಇದ್ದಾರೆ. ಇಂಥ ಪೆಟ್ಟಿಗೆಗಳು ತೆರೆಯಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

ಫ್ರೇಮ್ ಮಾತ್ರ ಹಾಕಿಸಬೇಡ. ತೊಗಲುಗೊಂಬೆ ಕಾಣುವುದೇ ಹಿಂದಿನಿಂದ ಬೆಳಕು ಬಿದ್ದಾಗ. ಬಿಳಿ ಗೋಡೆಗೆ ಒತ್ತಿ ಹಾಕಿದರೆ ಕೆಂಪು, ಹಸಿರು ಎಲ್ಲಾ ಕಪ್ಪಾಗಿ ಕಾಣುತ್ತದೆ, ರಂಧ್ರಗಳಲ್ಲಿ ಕೊರೆದ ಒಡವೆ, ಸೀರೆ ಅಂಚು ತಿಳಿಯುವುದೇ ಇಲ್ಲ. ಅರ್ಜಿಯಲ್ಲಿ ಸ್ಪಷ್ಟವಾಗಿ ಕೇಳು: ಹಾಲಿನ ಒಂದು ಮೂಲೆ ಕತ್ತಲು ಮಾಡಿಕೊಡಬೇಕು, ಬಿಳಿ ಪರದೆ ಬೇಕು, ಹಿಂದೆ ಎಲ್‌ಇಡಿ ದೀಪ ಬೇಕು. ಹಳೇ ಬಲ್ಬ್ ಬೇಡ, ಅದರ ಕಾವಿಗೆ ತೊಗಲು ಸುರುಟುತ್ತದೆ. ಮೊಳೆ, ಸೆಲೊಟೇಪ್ ಹತ್ತಿರ ಸುಳಿಯಬಾರದು. ಗೊಂಬೆಯ ಕಡ್ಡಿ ಹಿಡಿದು ನಿಲ್ಲಿಸಬೇಕು ಅಥವಾ ದಾರದಲ್ಲಿ ಹಗುರವಾಗಿ ತೂಗಬೇಕು. ಫೋಟೊ ಕೂಡ ಬೆಳಕು ಹಿಂದಿಟ್ಟೇ ತೆಗಿ.

ಪೆಟ್ಟಿಗೆ ಇಡೀ ಮನೆತನದ್ದು ಅನ್ನುವುದು ಮರೆಯಬೇಡ. ದೊಡ್ಡಪ್ಪ, ಕಾಕಾ, ಅತ್ತೆ ಎಲ್ಲರನ್ನೂ ಕೇಳಿ, ಒಪ್ಪಿಗೆ ಬರೆಸಿಕೊಂಡು ಅರ್ಜಿಗೆ ಸೇರಿಸು. ಮೊದಲ ದಿನ ಪೂಜೆ ಮಾಡುವ ಪದ್ಧತಿ ಮನೆಯಲ್ಲಿದ್ದರೆ ಗ್ಯಾಲರಿಯವರಿಗೆ ಮುಂಚೆಯೇ ತಿಳಿಸು. ಮನೆಯಲ್ಲಿ ಇನ್ನೂ ಆಡಿಸಬಲ್ಲವರು ಯಾರಾದರೂ ಇದ್ದರೆ ಒಂದು ಸಂಜೆ ಆಟ ಇರಲಿ. ಅವರಿಗೆ ಸಂಭಾವನೆ ಎಷ್ಟು ಅಂತ ಖರ್ಚಿನ ಪಟ್ಟಿಯಲ್ಲಿ ಬರೆಯಲೇಬೇಕು. ಪುಕ್ಕಟೆ ಆಡಿಸುತ್ತಾರೆ ಅಂತ ಒಪ್ಪಿಕೊಳ್ಳಬೇಡ.

ಪ್ರಶ್ನೆ (ರಾಯಚೂರು):
ಮಾರಾಟವಾದರೆ ಗ್ಯಾಲರಿಗೆ ಎಷ್ಟು ಕೊಡಬೇಕಾಗುತ್ತದೆ? ನನ್ನ ಅರ್ಜಿ ಒಂದು ಕಡೆ ತಿರಸ್ಕಾರ ಆಯಿತು, ಕಾರಣ ಹೇಳಲಿಲ್ಲ. ಮತ್ತೆ ಹಾಕಬಹುದಾ ರೀ?

ಉತ್ತರ:
ಖಾಸಗಿ ಗ್ಯಾಲರಿಗಳು ಸಾಮಾನ್ಯವಾಗಿ ಶೇಕಡಾ 30ರಿಂದ 50 ತೆಗೆದುಕೊಳ್ಳುತ್ತವೆ. ಸಮುದಾಯ ಗ್ಯಾಲರಿಗಳಲ್ಲಿ ಕಡಿಮೆ ಇರಬಹುದು, ಕೆಲವೆಡೆ ಹಾಲ್ ಬಾಡಿಗೆ ಮಾತ್ರ. ಕಮಿಷನ್, ಬಾಡಿಗೆ, ಸಾಗಣೆ, ಕೃತಿಗೆ ಹಾನಿಯಾದರೆ ಜವಾಬ್ದಾರಿ ಯಾರದು, ಈ ನಾಲ್ಕನ್ನೂ ಸಹಿ ಹಾಕುವ ಮುಂಚೆ ಲಿಖಿತವಾಗಿ ಪಡೆಯಿರಿ.

ಮತ್ತೆ ಹಾಕಿ ಸರ್, ಧಾರಾಳವಾಗಿ. ಕೆಲವು ಸಲ ಆ ವರ್ಷದ ದಿನಾಂಕಗಳು ತುಂಬಿರುತ್ತವೆ ಅಷ್ಟೇ. ಎರಡು ಸಾಲಿನ ಪತ್ರ ಬರೆದು ಏನು ಕೊರತೆ ಇತ್ತು ಅಂತ ಕೇಳಿ. ಮುಂದಿನ ಅರ್ಜಿಯಲ್ಲಿ ಒಂದೇ ದಿನಾಂಕ ಹಿಡಿಯದೆ ಮೂರು ಆಯ್ಕೆ ಕೊಡಿ. ನಮ್ಮ ಕಡೆ ಏಪ್ರಿಲ್, ಮೇ ಬಿಸಿಲಿಗೆ ಜನ ಹಗಲು ಹೊರಗೆ ಬರುವುದಿಲ್ಲ, ಮಾರ್ಚ್‌ನಲ್ಲಿ ಮಕ್ಕಳಿಗೆ ಪರೀಕ್ಷೆ. ನವೆಂಬರ್‌ನಿಂದ ಜನವರಿ ಒಳಗೆ ಕೇಳಿ.