ಸಹಾಯ ಬೇಕು: ಪಿಕಪ್ ಗಾಡಿಯ ಬಾಡಿ ಒಳಗೆ ಯಾವ ಲೈನರ್ (ಶೀಟ್ ಕಾಪಾಡುವ ಹೊದಿಕೆ) ಹಾಕಿಸೋದು?

ಎಲ್ಲರಿಗೂ ನಮಸ್ಕಾರ. ನಮ್ಮದು ಮುಳಬಾಗಿಲು ಕಡೆ. ಪಿಕಪ್‌ನಲ್ಲಿ ಕೋಲಾರ ಎಪಿಎಂಸಿಗೆ ಟೊಮೆಟೊ ಕ್ರೇಟ್ ಹಾಕಿಕೊಂಡು ಹೋಗುತ್ತೇವೆ. ಬರುವಾಗ ಸುಮ್ನೆ ಖಾಲಿ ಯಾಕೆ ಅಂತ ಕೋಳಿ ಗೊಬ್ಬರ ತುಂಬಿಸುತ್ತೇವೆ. ಅದೇ ಈಗ ತಲೆನೋವು. ಗೊಬ್ಬರದ ತೇವಕ್ಕೆ ಬಾಡಿ ಶೀಟಿನ ಪೇಂಟ್ ಎದ್ದಿದೆ. ಹಿಂದಿನ ಡೋರ್ ಹತ್ತಿರ, ಕ್ರೇಟ್ ಎಳೆಯುವ ಜಾಗದಲ್ಲಿ, ಗೆರೆ ಗೆರೆ ತುಕ್ಕು. ಉಗುರಲ್ಲಿ ಕೆರೆದರೆ ಹಕ್ಕಳೆ ಏಳುತ್ತದೆ. ಪುಣ್ಯಕ್ಕೆ ಇನ್ನೂ ತೂತು ಬಿದ್ದಿಲ್ಲ.

ಗ್ಯಾರೇಜ್ ಅಣ್ಣ ಕಬ್ಬಿಣದ ಚೆಕರ್ ಪ್ಲೇಟ್ (ಮೇಲೆ ಉಬ್ಬು ಗೆರೆ ಇರುವ ದಪ್ಪ ಶೀಟ್) ಬಡಿಸಿಬಿಡು ಅಂತಾರೆ. ಗಟ್ಟಿಯೇನೋ ಹೌದು. ಆದರೆ 3 ಎಂಎಂ ಪ್ಲೇಟೇ ಚದರ ಮೀಟರಿಗೆ 24 ಕೆಜಿ ಹತ್ತಿರ ಬರುತ್ತದೆ, ಅಷ್ಟು ಲೋಡ್ ಕಮ್ಮಿ ಆಯ್ತಲ್ವಾ? ಅಲ್ಯೂಮಿನಿಯಂ ಹಗುರ. ಆದರೆ ಅದರ ಮತ್ತು ಕಬ್ಬಿಣದ ನಡುವೆ ಉಪ್ಪಿನಂಶದ ನೀರು ನಿಂತರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ರಬ್ಬರ್ ಮ್ಯಾಟ್ ಅಗ್ಗ, ಎತ್ತಿ ತೊಳೆಯಬಹುದು. ನಮ್ಮ ಹುಡುಗರು ದಿನಾ ಎತ್ತುತ್ತಾರೆ ಅನ್ನೋ ನಂಬಿಕೆ ನನಗಿಲ್ಲ. ಎತ್ತದಿದ್ದರೆ ಅಡಿಯಲ್ಲೇ ನೀರು ಕೂತು ತುಕ್ಕು ಇನ್ನೂ ಜಾಸ್ತಿ.

ಹಾಗಾಗಿ ನನ್ನ ಮನಸ್ಸು ಪಾಲಿಯೂರಿಯಾ ಸ್ಪ್ರೇ ಕಡೆ, ಅಂದರೆ ಸಿಂಪಡಿಸಿದ ಮೇಲೆ ಗಟ್ಟಿ ಪದರವಾಗುವ ಪ್ಲಾಸ್ಟಿಕ್ ಥರದ ಲೇಪನ. ಶೀಟಿಗೇ ಅಂಟಿಕೊಳ್ಳುತ್ತದೆ, ನಡುವೆ ಸಂದು ಇರಲ್ಲ.

ಹಾಕಿಸಿದವರು ದಯವಿಟ್ಟು ಹೇಳಿ: ಸಲಿಕೆಯಲ್ಲಿ ಗೊಬ್ಬರ ಬಾಚಿದರೆ ತಡೆಯುತ್ತಾ? ತರಿತರಿ ಮೇಲ್ಮೈ ಮೇಲೆ ತುಂಬಿದ ಕ್ರೇಟ್ ಎಳೆಯೋಕೆ ಕಷ್ಟನಾ? ತುಕ್ಕು ಪೂರ್ತಿ ಹೋಗೋಕೆ ಬ್ಲಾಸ್ಟಿಂಗ್ (ಮರಳಿನಂಥ ಕಣ ರಭಸವಾಗಿ ಹೊಡೆಸೋದು) ಮಾಡಿಸಲೇಬೇಕಾ, ಗ್ರೈಂಡರ್‌ನಲ್ಲಿ ಉಜ್ಜಿದರೆ ಸಾಕಾ? ಕೋಲಾರ, ಹೊಸಕೋಟೆ ಸುತ್ತ ಸರಿಯಾಗಿ ಮಾಡುವವರಿದ್ದರೆ ತಿಳಿಸಿ. ಚದರಡಿಗೆ ಎಷ್ಟು ಕೊಟ್ಟಿರಿ ಅಂತಲೂ ಬರೆಯಿರಿ. ಸೀಸನ್ ಶುರುವಾಗೋ ಮುಂಚೆ ಕೆಲಸ ಮುಗಿಸಬೇಕು.