ಒಂದೇ ಪೆಟ್ಟಿಗೆಯ ಡಿಜೆ ಯಂತ್ರವೋ, ಬಿಡಿ ಪ್ಲೇಯರ್ ಮತ್ತು ಮಿಕ್ಸರೋ? ಕೊಡಗಿನ ಕೆಲಸಕ್ಕೆ ಒಗ್ಗುವುದು ಯಾವುದು

ಪ್ರಶ್ನೆ (ನಾಪೋಕ್ಲು):

ನಮಸ್ಕಾರ ಸರ್. ಮೂರು ವರ್ಷಗಳಿಂದ ಡಿಡಿಜೆ-400 ಕಂಟ್ರೋಲರ್ (ಲ್ಯಾಪ್‌ಟಾಪಿನ ಹಾಡುಗಳನ್ನು ನಿಯಂತ್ರಿಸುವ ಯಂತ್ರ) ಮತ್ತು ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಮದುವೆ, ನಾಮಕರಣ ಮತ್ತು ಹೋಂಸ್ಟೇ ಕಾರ್ಯಕ್ರಮಗಳಲ್ಲಿ ಡಿಜೆ ಕೆಲಸ ಮಾಡುತ್ತಿದ್ದೇನೆ. ಕಳೆದ ಸೀಸನ್ನಿನಲ್ಲಿ ಒಂದು ಮದುವೆಯ ನಡುವೆಯೇ ಲ್ಯಾಪ್‌ಟಾಪ್ ಸ್ಥಗಿತಗೊಂಡು ಬಹಳ ಮುಜುಗರವಾಯಿತು. ಹಾಗಾಗಿ ಇನ್ನು ಮುಂದೆ ಲ್ಯಾಪ್‌ಟಾಪ್ ಇಲ್ಲದೆ, ಪೆನ್‌ಡ್ರೈವ್‌ನಿಂದಲೇ ನಡೆಯುವ ಯಂತ್ರ ಬೇಕೆಂದು ತೀರ್ಮಾನಿಸಿದ್ದೇನೆ. ಹೊಸ ಎಕ್ಸ್‌ಡಿಜೆ-ಆರ್‌ಎಕ್ಸ್3 (ಪ್ಲೇಯರ್, ಮಿಕ್ಸರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಯಂತ್ರ) ತೆಗೆದುಕೊಳ್ಳುವುದು ಒಂದು ದಾರಿ. ಪರಿಚಿತರೊಬ್ಬರು ಮಾರುತ್ತಿರುವ ಎರಡು ಸಿಡಿಜೆ-2000 ನೆಕ್ಸಸ್2 ಪ್ಲೇಯರ್ ಮತ್ತು ಡಿಜೆಎಂ-900 ನೆಕ್ಸಸ್2 ಮಿಕ್ಸರ್ ಕೊಳ್ಳುವುದು ಇನ್ನೊಂದು ದಾರಿ. ಹಳೆಯದಾದರೂ ಬಿಡಿ ಸೆಟ್ಟಿನ ಬೆಲೆಯೇ ಹೆಚ್ಚು. ಆದರೂ ಕೆಲಸ ಬೆಳೆಯಬೇಕಾದರೆ ಬಿಡಿಯಾಗಿಯೇ ಇರಬೇಕು ಎಂದು ಗೆಳೆಯರು ಹೇಳುತ್ತಾರೆ. ಜೀಪು ಓಡಿಸುವವನು, ಸಾಮಾನು ಇಳಿಸುವವನು, ಹಾಡು ಹಾಕುವವನು ಎಲ್ಲ ನಾನೊಬ್ಬನೇ. ಸಾಲ ಮಾಡಿ ಕೊಳ್ಳುತ್ತಿರುವುದರಿಂದ ತಪ್ಪಾಗಬಾರದು ಎಂಬ ಆತಂಕವಿದೆ.

ಉತ್ತರ:

ನಮಸ್ಕಾರ. ಎರಡೂ ಬಗೆಯ ಯಂತ್ರಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವನಾಗಿ ಹೇಳುತ್ತೇನೆ: ನಿಮ್ಮ ಈಗಿನ ಕೆಲಸಕ್ಕೆ ಒಂದೇ ಪೆಟ್ಟಿಗೆಯ ಯಂತ್ರವೇ ಸರಿ. ಆದರೆ ಅದು ನಿಂತುಹೋದರೆ ಏನು ಮಾಡುತ್ತೀರಿ ಎಂಬುದನ್ನು ಕೊಳ್ಳುವ ಮೊದಲೇ ಯೋಚಿಸಿಟ್ಟುಕೊಳ್ಳಬೇಕು.

ಧ್ವನಿಯ ಗುಣಮಟ್ಟವನ್ನು ನೋಡಿ ನಾನು ಈ ಮಾತು ಹೇಳುತ್ತಿಲ್ಲ. ಮದುವೆ ಹಾಲ್‌ನಲ್ಲಿ ಬಾಡಿಗೆಯ ಸ್ಪೀಕರುಗಳ ಮುಂದೆ ಕುಣಿಯುವವರಿಗೆ ಈ ಎರಡರ ನಡುವಿನ ವ್ಯತ್ಯಾಸ ಕೇಳಿಸುವುದಿಲ್ಲ. ಲೂಪ್ (ಹಾಡಿನ ತುಣುಕನ್ನು ಮತ್ತೆ ಮತ್ತೆ ಓಡಿಸುವುದು), ಹಾಟ್ ಕ್ಯೂ (ಗುರುತಿಟ್ಟ ಜಾಗಕ್ಕೆ ನೆಗೆಯುವುದು), ಸಿಂಕ್ (ಎರಡು ಹಾಡುಗಳ ವೇಗ ಹೊಂದಿಸುವುದು), ಎಫೆಕ್ಟ್ ಎಲ್ಲವೂ ಎರಡರಲ್ಲಿಯೂ ಇವೆ. ವ್ಯತ್ಯಾಸವಿರುವುದು ಆ ಯಂತ್ರಗಳು ಯಾರಿಗಾಗಿ ಹುಟ್ಟಿದವು ಎಂಬುದರಲ್ಲಿ. 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಟರ್ನ್‌ಟೇಬಲ್ ಕ್ಲಬ್ಬುಗಳಲ್ಲಿ ನೆಲೆಯೂರಿದ ಮೇಲೆ, ಎರಡು ತಟ್ಟೆಗಳ ನಡುವೆ ಒಂದು ಮಿಕ್ಸರ್ ಎಂಬ ಜೋಡಣೆಯೇ ರೂಢಿಯಾಯಿತು. 2001ರಲ್ಲಿ ಬಂದ ಪಯೊನೀರ್ ಸಿಡಿಜೆ-1000 ತಟ್ಟೆಯ ಜಾಗದಲ್ಲಿ ಸಿಡಿಯನ್ನು ತಂದಿತು, ಜೋಡಣೆ ಮಾತ್ರ ಹಾಗೆಯೇ ಉಳಿಯಿತು. ಕ್ಲಬ್ಬಿನಲ್ಲಿ ಯಂತ್ರಗಳು ಒಂದೆಡೆ ನೆಲೆಯಾಗಿರುತ್ತವೆ, ಡಿಜೆ ಪೆನ್‌ಡ್ರೈವ್ ಮಾತ್ರ ಹಿಡಿದು ಬಂದು ಹೋಗುತ್ತಾರೆ. 2015ರ ಎಕ್ಸ್‌ಡಿಜೆ-ಆರ್‌ಎಕ್ಸ್‌ನಂಥ ಯಂತ್ರಗಳು ರೂಪುಗೊಂಡದ್ದು ಯಂತ್ರವನ್ನೂ ತಾವೇ ಹೊತ್ತು ತಿರುಗಬೇಕಾದವರಿಗೆ. ನೀವು ಈ ಎರಡನೆಯ ಗುಂಪಿನವರು.

ತೂಕವನ್ನೇ ನೋಡಿ. ಆರ್‌ಎಕ್ಸ್3 ಸುಮಾರು 9.3 ಕೆ.ಜಿ. ಇದೆ. ಆ ಬಿಡಿ ಸೆಟ್ಟಿನ ಮಿಕ್ಸರ್ ಒಂದೇ 8 ಕೆ.ಜಿ., ಎರಡು ಪ್ಲೇಯರುಗಳನ್ನು ಸೇರಿಸಿದರೆ ಹೆಚ್ಚುಕಡಿಮೆ 19 ಕೆ.ಜಿ., ಅದರ ಮೇಲೆ ಮೂರು ಪೆಟ್ಟಿಗೆಗಳ ಭಾರ. ಇದಲ್ಲದೆ ಮೂರು ಕರೆಂಟ್ ವೈರು, ಎರಡು ಜೊತೆ ಆಡಿಯೊ ಕೇಬಲ್, ಪ್ಲೇಯರುಗಳು ಒಂದೇ ಪೆನ್‌ಡ್ರೈವ್‌ ಹಂಚಿಕೊಳ್ಳಬೇಕಾದರೆ ಲ್ಯಾನ್ ಕೇಬಲ್‌ಗಳು ಬೇಕು. ಡಿಜೆಎಂ-900 ನೆಕ್ಸಸ್2ರಲ್ಲಿ ಲ್ಯಾನ್ ಕಿಂಡಿ ಒಂದೇ ಇರುವುದರಿಂದ, ಮಿಕ್ಸರನ್ನೂ ಅದೇ ಜಾಲಕ್ಕೆ ಸೇರಿಸಬೇಕಾದರೆ ನಡುವೆ ಒಂದು ಹಬ್ (ಹಲವು ಲ್ಯಾನ್ ಕೇಬಲ್ ಕೂಡಿಸುವ ಪೆಟ್ಟಿಗೆ) ಕೂಡ ಇಡಬೇಕಾಗುತ್ತದೆ. ಇಷ್ಟನ್ನೂ ಮಳೆಯಲ್ಲಿ, ತೋಟದ ದಾರಿಯಲ್ಲಿ ಜೀಪು ನಿಂತ ಜಾಗದಿಂದ ಪಾಚಿ ಹಿಡಿದ ಮೆಟ್ಟಿಲು ಹತ್ತಿ ಒಬ್ಬರೇ ಸಾಗಿಸಿ, ಒಂದು ಗಂಟೆಯೊಳಗೆ ಜೋಡಿಸಿ, ಬೆವರು ಒರೆಸಿಕೊಂಡು ನಗುಮುಖದಿಂದ ನಿಲ್ಲಬೇಕು. ಕೇಬಲ್ ಹೆಚ್ಚಿದಷ್ಟೂ ಸಡಿಲವಾಗುವ ತುದಿಗಳು ಹೆಚ್ಚುತ್ತವೆ. ನಾನು ಕಂಡ ತೊಂದರೆಗಳಲ್ಲಿ ಹೆಚ್ಚಿನವು ಯಂತ್ರದೊಳಗಿನವಲ್ಲ, ಕೇಬಲ್ ತುದಿಯವು.

ಇನ್ನು ಮತ್ತೊಂದು ಮಗ್ಗುಲು. ಬಿಡಿ ಸೆಟ್ಟಿನಲ್ಲಿ ಒಂದು ಪ್ಲೇಯರ್ ಕೆಟ್ಟರೆ ಇನ್ನೊಂದರಲ್ಲಿ ಹಾಡು ಮುಂದುವರಿಯುತ್ತದೆ. ಮಿಕ್ಸರಿನ ಫೇಡರ್ (ಧ್ವನಿ ಏರಿಸಿ ಇಳಿಸುವ ಜಾರುಗುಂಡಿ) ಕೆಟ್ಟರೆ ಮಿಕ್ಸರ್ ಒಂದನ್ನೇ ರಿಪೇರಿಗೆ ಕಳುಹಿಸಿ, ಆ ವಾರಕ್ಕೆ ಬೇರೊಂದನ್ನು ಬಾಡಿಗೆಗೆ ತರಬಹುದು. ಒಂದೇ ಪೆಟ್ಟಿಗೆಯ ಯಂತ್ರದಲ್ಲಿ ಪರದೆ ಸ್ತಬ್ಧವಾದರೆ ಎಲ್ಲವೂ ಸ್ತಬ್ಧ. ಒಂದು ಗುಂಡಿ ಕೆಟ್ಟರೂ ಇಡೀ ಯಂತ್ರವೇ ಬೆಂಗಳೂರಿಗೆ ಹೋಗಬೇಕು. ಮಡಿಕೇರಿಯಿಂದಲೇ ಅದು ಸುಮಾರು 250 ಕಿ.ಮೀ., ಬಿಡಿಭಾಗಕ್ಕೆ ಕಾಯುವ ದಿನಗಳು ಬೇರೆ. ಬಿಡಿ ಸೆಟ್ಟಿನ ಪರವಾಗಿ ಇರುವ ನಿಜವಾದ ವಾದ ಇದೊಂದೇ ಎಂದು ನನ್ನ ಅಭಿಪ್ರಾಯ, ಮತ್ತು ಅದು ಹಗುರವಾದ ವಾದವಲ್ಲ.

ನನಗೆ ಇದು ಮನದಟ್ಟಾದದ್ದು ಕೆಲವು ವರ್ಷಗಳ ಹಿಂದೆ, ಮೇ ತಿಂಗಳ ಕೊನೆಯಲ್ಲಿ, ಗೋಣಿಕೊಪ್ಪದ ಕಡೆಯ ಒಂದು ಮದುವೆಯಲ್ಲಿ. ಸಂಜೆಯ ಗುಡುಗಿನೊಂದಿಗೆ ಕರೆಂಟು ಹೋಗಿ ಎರಡೇ ಸೆಕೆಂಡಿನಲ್ಲಿ ಮರಳಿತು. ದೀಪಗಳು ಕಣ್ಣು ಮಿಟುಕಿಸಿದಂತಾಯಿತು ಅಷ್ಟೇ, ಆದರೆ ನನ್ನ ಯಂತ್ರ ಆರಿ ಮತ್ತೆ ಮೊದಲಿನಿಂದ ಚಾಲೂ ಆಗತೊಡಗಿತು. ಪರದೆಯ ಮೇಲೆ ಕಂಪನಿಯ ಹೆಸರು ಮೂಡಿ, ಪೆನ್‌ಡ್ರೈವ್‌ನ ಪಟ್ಟಿ ತೆರೆದುಕೊಳ್ಳುವವರೆಗೆ ಅರ್ಧ ನಿಮಿಷಕ್ಕಿಂತ ಹೆಚ್ಚೇ ಹಿಡಿಯಿತು. ಕುಣಿಯುತ್ತಿದ್ದವರು ಎತ್ತಿದ ಕೈಗಳನ್ನು ಇಳಿಸದೆ ನನ್ನತ್ತ ನೋಡುತ್ತಿದ್ದರು. ಹೊರಗೆ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ವಾಲಗದವರಲ್ಲಿ ಹಿರಿಯರೊಬ್ಬರು ಲೋಟ ಕೆಳಗಿಟ್ಟು ಡೋಲು ಎತ್ತಿಕೊಂಡರು, ಉಳಿದವರೂ ಸೇರಿಕೊಂಡರು, ಕುಣಿತ ನಿಲ್ಲಲೇ ಇಲ್ಲ. ಅವರಿಗೆ ನಾನು ಇಂದಿಗೂ ಋಣಿ. ಆ ದಿನ ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ, ಯುಪಿಎಸ್ ಇಟ್ಟುಕೊಳ್ಳದಿದ್ದುದು ನನ್ನ ತಪ್ಪು.

ಆದ್ದರಿಂದ ಆರ್‌ಎಕ್ಸ್3 ಕೊಂಡರೆ ಉಳಿಯುವ ಹಣದಲ್ಲಿ ಮೊದಲು ಒಂದು ಯುಪಿಎಸ್ ತೆಗೆದುಕೊಳ್ಳಿ. ಇಂಥ ಯಂತ್ರಗಳು ಸಾಮಾನ್ಯವಾಗಿ 100 ವ್ಯಾಟ್‌ಗಿಂತ ಕಡಿಮೆ ವಿದ್ಯುತ್ ಬಳಸುವುದರಿಂದ, ಕಂಪ್ಯೂಟರಿಗೆ ಇಡುವ 600 ವಿಎ ಯುಪಿಎಸ್ ಧಾರಾಳವಾಗಿ ಸಾಕು. ಅದಕ್ಕೆ ಡಿಜೆ ಯಂತ್ರವನ್ನು ಮಾತ್ರ ಸಿಕ್ಕಿಸಿ, ಆಂಪ್ಲಿಫೈಯರನ್ನಾಗಲಿ ಲೈಟುಗಳನ್ನಾಗಲಿ ಸಿಕ್ಕಿಸಬೇಡಿ. ಹಳೆಯ ಜನರೇಟರಿನ ಕರೆಂಟು ಏರುಪೇರಾಗುವಾಗ ಕೆಲವು ಅಗ್ಗದ ಯುಪಿಎಸ್‌ಗಳು ಅದನ್ನು ಒಪ್ಪದೆ ಬ್ಯಾಟರಿಯಲ್ಲಿಯೇ ಓಡಿ ಖಾಲಿಯಾಗುತ್ತವೆ. ಹಾಗಾಗಿ ಕೆಲಸಕ್ಕೆ ಒಯ್ಯುವ ಮೊದಲು ಒಮ್ಮೆ ಜನರೇಟರಿಗೆ ಜೋಡಿಸಿ ಪರೀಕ್ಷಿಸಿ. ಎರಡನೆಯದಾಗಿ, ಡಿಡಿಜೆ-400 ಅನ್ನು ಮಾರಬೇಡಿ. ಅದನ್ನೂ ಲ್ಯಾಪ್‌ಟಾಪನ್ನೂ ಜೀಪಿನಲ್ಲಿ ಇಟ್ಟಿರಿ, ಮುಖ್ಯ ಯಂತ್ರ ಕೈಕೊಟ್ಟ ದಿನ ಅದೇ ನಿಮ್ಮನ್ನು ಕಾಪಾಡುತ್ತದೆ. ಬದಲಾಯಿಸುವ ಹೊತ್ತಿನಲ್ಲಿ ಮೌನ ಕವಿಯದಂತೆ, ಅರ್ಧ ಗಂಟೆಯ ಹಾಡುಗಳನ್ನು ತುಂಬಿದ ಮೊಬೈಲಿನಿಂದ ಸೌಂಡಿನವರ ಮಿಕ್ಸರಿಗೆ ಒಂದು ಕೇಬಲ್ ಮೊದಲೇ ಎಳೆದಿಡಿ.

ಧ್ವನಿಯನ್ನು ಸೌಂಡಿನವರಿಗೆ ಕೊಡುವಾಗ ಆರ್‌ಎಕ್ಸ್3ರ ಎಕ್ಸ್‌ಎಲ್‌ಆರ್ (ಮೈಕಿಗೆ ಬಳಸುವಂಥ ಮೂರು ಪಿನ್ನಿನ) ಔಟ್‌ಪುಟ್ ಬಳಸಿ. ನಿಮ್ಮ ಡಿಡಿಜೆ-400ರಲ್ಲಿ ಇರುವುದು ಆರ್‌ಸಿಎ (ಟಿವಿಗೆ ಹಾಕುವಂಥ ಕೆಂಪು-ಬಿಳಿ ಪಿನ್ನಿನ) ಔಟ್‌ಪುಟ್ ಮಾತ್ರ. ಅದರ ಕೇಬಲ್ ನಾಲ್ಕೈದು ಮೀಟರ್ ದಾಟಿತೆಂದರೆ, ಅದರಲ್ಲಿಯೂ ಅರ್ತಿಂಗ್ ಸರಿಯಿಲ್ಲದ ಹಳೆಯ ಹಾಲ್‌ಗಳಲ್ಲಿ, ಗುಂಯ್ ಎನ್ನುವ ಸದ್ದು ಸೇರಿಕೊಳ್ಳುತ್ತದೆ. ಎಕ್ಸ್‌ಎಲ್‌ಆರ್‌ನಲ್ಲಿ ಒಂದೇ ಸಂಕೇತವು ಎರಡು ತಂತಿಗಳಲ್ಲಿ ಪರಸ್ಪರ ವಿರುದ್ಧವಾಗಿ ಸಾಗುವುದರಿಂದ, ದಾರಿಯಲ್ಲಿ ಸೇರಿದ ಗದ್ದಲ ಕೊನೆಯಲ್ಲಿ ತಾನಾಗಿಯೇ ಕಳೆದುಹೋಗುತ್ತದೆ.

ಪ್ರಶ್ನೆ (ಗಾಳಿಬೀಡು):

ನಮ್ಮದು ಹೋಂಸ್ಟೇ. ಆಗಾಗ ಬೆಂಗಳೂರಿನಿಂದ ಬರುವ ಡಿಜೆಗಳು ಸಿಡಿಜೆಯೇ ಬೇಕೆಂದು ಹಟ ಹಿಡಿಯುತ್ತಾರೆ. ಹಾಗಾದರೆ ನಾವು ಬಿಡಿ ಸೆಟ್ ಕೊಂಡು ಇಡುವುದು ಒಳ್ಳೆಯದಲ್ಲವೇ?

ಉತ್ತರ:

ಅವರು ಕೇಳುವುದರಲ್ಲಿ ತಪ್ಪಿಲ್ಲ. ಯಾವ ಊರಿಗೆ ಹೋದರೂ ಅದೇ ಗುಂಡಿ ಅದೇ ಜಾಗದಲ್ಲಿ ಸಿಗಬೇಕೆಂದು ಅವರ ಕೈ ಬಯಸುತ್ತದೆ. ಈಗ ಹೆಚ್ಚಿನವರು ಕೇಳುವುದು 2020ರ ಸಿಡಿಜೆ-3000 ಪ್ಲೇಯರುಗಳನ್ನು, ಜೊತೆಗೆ ಡಿಜೆಎಂ-900 ನೆಕ್ಸಸ್2 ಅಥವಾ 2023ರ ಡಿಜೆಎಂ-ಎ9 ಮಿಕ್ಸರನ್ನು. ಆದರೆ ವರ್ಷದಲ್ಲಿ ನಾಲ್ಕೈದು ರಾತ್ರಿಗಳಿಗಾಗಿ ಅಷ್ಟು ಹಣ ಹೂಡಿ, ಉಳಿದ ದಿನಗಳಲ್ಲಿ ಅದನ್ನು ತೇವದಿಂದ ಕಾಯುವುದು ನಷ್ಟದ ಬಾಬತ್ತು. ಅಂಥ ರಾತ್ರಿಗಳಿಗೆ ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಬಾಡಿಗೆಗೆ ತರಿಸಿ, ಬಾಡಿಗೆಯನ್ನು ಕಾರ್ಯಕ್ರಮದ ಲೆಕ್ಕಕ್ಕೆ ಸೇರಿಸಿ. ತಿಂಗಳಿಗೆ ಎರಡು ಮೂರು ಕಾರ್ಯಕ್ರಮಗಳು ಖಾತ್ರಿಯಾಗಿ ಇರುವವರಿಗೆ 2019ರ ಎಕ್ಸ್‌ಡಿಜೆ-ಎಕ್ಸ್‌ಝಡ್ ಮಾದರಿ ಒಂದು ನಡುದಾರಿ. ಅದು ಒಂದೇ ಪೆಟ್ಟಿಗೆಯ ಯಂತ್ರವಾದರೂ ಅದಕ್ಕೆ ಲ್ಯಾನ್ ಮೂಲಕ ಇನ್ನೆರಡು ಸಿಡಿಜೆಗಳನ್ನು ಜೋಡಿಸಬಹುದು. ಆರ್‌ಎಕ್ಸ್3ರಲ್ಲಿ ಈ ಅವಕಾಶವಿಲ್ಲ.

ಕಾರ್ಯಕ್ರಮ ತೆರೆದ ಅಂಗಳದಲ್ಲಿ ನಡೆಯುವುದಾದರೆ ಇನ್ನೊಂದು ಮಾತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಏಳೂವರೆಗೆ ಶುರುವಾಗಿ ಹತ್ತಕ್ಕೆ ಮುಗಿಯಬೇಕಾದ ಕಾರ್ಯಕ್ರಮದಲ್ಲಿ ಮೂರು ಯಂತ್ರಗಳನ್ನು ಜೋಡಿಸಿ ಸರಿಪಡಿಸುವುದರಲ್ಲಿಯೇ ಇಪ್ಪತ್ತು ನಿಮಿಷ ಕಳೆದರೆ, ಆ ನಷ್ಟ ಅತಿಥಿಗಳದ್ದು.

ಪ್ರಶ್ನೆ (ಸೋಮವಾರಪೇಟೆ):

ನನ್ನ ಪೆನ್‌ಡ್ರೈವ್ ಮನೆಯ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ತೆರೆಯುತ್ತದೆ. ಬಾಡಿಗೆಗೆ ತಂದ ಸಿಡಿಜೆಯಲ್ಲಿ ಮಾತ್ರ ಕಾಣಿಸಲೇ ಇಲ್ಲ. ಯಂತ್ರದ ದೋಷವೇ?

ಉತ್ತರ:

ಬಹುಶಃ ಅಲ್ಲ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಪೆನ್‌ಡ್ರೈವ್ ಎನ್‌ಟಿಎಫ್‌ಎಸ್ ಎಂಬ ಕಡತ ವ್ಯವಸ್ಥೆಯಲ್ಲಿ ಫಾರ್ಮ್ಯಾಟ್ ಆಗಿದ್ದರೆ ಸಿಡಿಜೆ ಅದನ್ನು ಓದುವುದಿಲ್ಲ. ಫ್ಯಾಟ್32 ಎಂಬ ವ್ಯವಸ್ಥೆಗೆ ಬದಲಾಯಿಸಿಕೊಂಡರೆ ಹಳೆಯದು ಹೊಸದು ಎನ್ನದೆ ಹೆಚ್ಚುಕಡಿಮೆ ಎಲ್ಲ ಯಂತ್ರಗಳೂ ಓದುತ್ತವೆ. ಫಾರ್ಮ್ಯಾಟ್ ಮಾಡುವಾಗ ಅದರಲ್ಲಿರುವುದೆಲ್ಲ ಅಳಿಸಿಹೋಗುವುದರಿಂದ ಮೊದಲು ಹಾಡುಗಳನ್ನು ಬೇರೆಡೆ ಉಳಿಸಿಕೊಳ್ಳಿ. ಅನಂತರ ಹಾಡುಗಳನ್ನು ನೇರವಾಗಿ ತುಂಬದೆ ರೆಕಾರ್ಡ್‌ಬಾಕ್ಸ್ ಎಂಬ ಡಿಜೆ ತಂತ್ರಾಂಶದ ಮೂಲಕವೇ ಎಕ್ಸ್‌ಪೋರ್ಟ್ ಮಾಡಿ. ಆಗ ಬೀಟ್, ಕ್ಯೂ ಗುರುತುಗಳು ಸಹ ಜೊತೆಗೆ ಬರುತ್ತವೆ. 2023ರ ಓಪಸ್-ಕ್ವಾಡ್‌ನಂಥ ಹೊಸ ಯಂತ್ರಗಳು ಡಿವೈಸ್ ಲೈಬ್ರರಿ ಪ್ಲಸ್ ಎಂಬ ಹೊಸ ಬಗೆಯ ಪಟ್ಟಿಯನ್ನು ಓದುತ್ತವೆ, ಹಳೆಯ ಸಿಡಿಜೆಗಳು ಹಳೆಯ ಬಗೆಯನ್ನು ಮಾತ್ರ ಓದುತ್ತವೆ. ಬೇರೆಬೇರೆ ಕಡೆ ಕೆಲಸ ಮಾಡುವವರ ಪೆನ್‌ಡ್ರೈವ್‌ನಲ್ಲಿ ಎರಡೂ ಇರಲಿ. ಅವೇ ಹಾಡುಗಳಿರುವ ಎರಡು ಪೆನ್‌ಡ್ರೈವ್‌ಗಳು ಜೇಬಿನಲ್ಲಿರಲಿ. ಬಿಡಿ ಸೆಟ್ಟಿನಲ್ಲಿ ಆಡುವಾಗ ಒಂದನ್ನೇ ಲ್ಯಾನ್ ಮೂಲಕ ಹಂಚಿಕೊಳ್ಳದೆ ಪ್ಲೇಯರಿಗೊಂದರಂತೆ ಸಿಕ್ಕಿಸಿ. ಒಂದೇ ಪೆನ್‌ಡ್ರೈವ್ ನಂಬಿದರೆ ಬಿಡಿ ಸೆಟ್ಟಿನ ದೊಡ್ಡ ಅನುಕೂಲವನ್ನು ನೀವೇ ಕೈಬಿಟ್ಟಂತೆ.

ಪ್ರಶ್ನೆ (ನಾಪೋಕ್ಲು):

ಬಹಳ ಉಪಕಾರವಾಯಿತು ಸರ್. ಹಾಗಾದರೆ ಒಂದೇ ಪೆಟ್ಟಿಗೆಯದನ್ನೇ ತೆಗೆದುಕೊಳ್ಳುತ್ತೇನೆ. ಮೈಸೂರಿನಲ್ಲಿ ಒಬ್ಬರು ಒಂದು ವರ್ಷ ಬಳಸಿದ ಆರ್‌ಎಕ್ಸ್3 ಕೊಡುವುದಾಗಿ ಹೇಳಿದ್ದಾರೆ. ಅದನ್ನು ಹೇಗೆ ಪರೀಕ್ಷಿಸಬೇಕು? ಮಳೆಗಾಲದಲ್ಲಿ ಅದನ್ನು ಎಲ್ಲಿಡಬೇಕು?

ಉತ್ತರ:

ಬಿಲ್ಲು ಇದೆಯೇ, ಬಿಲ್ಲಿನಲ್ಲಿರುವ ಸೀರಿಯಲ್ ನಂಬರ್ ಯಂತ್ರದ ಹಿಂದಿನದಕ್ಕೆ ಹೊಂದುತ್ತದೆಯೇ ಎಂದು ಮೊದಲು ನೋಡಿ. ಬಿಲ್ಲಿಲ್ಲದೆ ಹೊರದೇಶದಿಂದ ಬಂದ ಯಂತ್ರಕ್ಕೆ ಇಲ್ಲಿ ವಾರಂಟಿ ಸಿಗದೆ ಹೋಗಬಹುದು. ನಿಮ್ಮದೇ ಪೆನ್‌ಡ್ರೈವ್ ಮತ್ತು ಹೆಡ್‌ಫೋನ್ ಒಯ್ದು ಕನಿಷ್ಠ ಒಂದು ಗಂಟೆ ಬಿಡದೆ ಓಡಿಸಿ, ಏಕೆಂದರೆ ಕೆಲವು ದೋಷಗಳು ಯಂತ್ರ ಬಿಸಿಯಾದ ಮೇಲೆಯೇ ಹೊರಬರುತ್ತವೆ. ಹಾಡು ಸಣ್ಣ ಧ್ವನಿಯಲ್ಲಿ ಓಡುತ್ತಿರುವಾಗ ಪ್ರತಿಯೊಂದು ಫೇಡರನ್ನು ಕೂದಲೆಳೆಯಷ್ಟು ನಿಧಾನವಾಗಿ ಸರಿಸಿ ಕರಕರ ಸದ್ದು ಬರುತ್ತದೆಯೇ ಎಂದು ಕೇಳಿ. ಪ್ಲೇ ಮತ್ತು ಕ್ಯೂ ಗುಂಡಿಗಳನ್ನು ಅವುಗಳ ಅಂಚಿನಲ್ಲಿಯೂ ಒತ್ತಿ ನೋಡಿ, ಹೆಚ್ಚು ಸವೆಯುವುದು ಅವೇ. ಪೆನ್‌ಡ್ರೈವ್ ಸಿಕ್ಕಿಸಿ ಬೆರಳಿನಿಂದ ಮೆಲ್ಲಗೆ ಅಲುಗಾಡಿಸಿ, ಸಂಪರ್ಕ ತಪ್ಪಿದರೆ ಬೆಲೆ ಎಷ್ಟೇ ಇಳಿಸಿದರೂ ಆ ಯಂತ್ರ ಬೇಡ. ಎರಡೂ ಮೈಕ್ ಇನ್‌ಪುಟ್‌ಗಳಲ್ಲಿ ಮಾತಾಡಿ ನೋಡುವುದನ್ನು ಮರೆಯಬೇಡಿ, ಮದುವೆಮನೆಯಲ್ಲಿ ಹಾಡಿನಷ್ಟೇ ಮೈಕೂ ಮುಖ್ಯ.

ಮಳೆಗಾಲದ ಮಾತಿಗೆ ಬಂದರೆ, ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೂಷ್ಟು ಹಿಡಿಯದ ವಸ್ತುವೇ ಇಲ್ಲವೆಂಬುದು ನಿಮಗೆ ನಾನು ಹೇಳಬೇಕಾಗಿಲ್ಲ. ಫೇಡರುಗಳ ಒಳಗೆ ತೇವ ಕುಳಿತರೆ ಮಳೆಗಾಲ ಮುಗಿದ ಮೇಲೆ ಮೊದಲ ಕೆಲಸದಲ್ಲಿಯೇ ಕರಕರ ಶುರುವಾಗುತ್ತದೆ. ಸ್ಪಂಜಿನ ಒಳಪದರವಿರುವ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ತಿಂಗಳುಗಟ್ಟಲೆ ಮರೆಯಬೇಡಿ, ಆ ಸ್ಪಂಜೇ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ನಾನು ನನ್ನ ಯಂತ್ರವನ್ನು ಮರದ ಅಲಮಾರಿನ ಮೇಲಿನ ಹಲಗೆಯಲ್ಲಿ ಹತ್ತಿಬಟ್ಟೆ ಹೊದಿಸಿ ಇಡುತ್ತೇನೆ. ಕೆಳಗಿನ ಹಲಗೆಯಲ್ಲಿ, ಬಟ್ಟೆಗೂ ಮರಕ್ಕೂ ತಾಗದಂತೆ, ಹಳೆಯ ಕಾಲದ 15 ವ್ಯಾಟ್‌ನ ಬಲ್ಬೊಂದು ಹಗಲು ಉರಿಯುತ್ತಿರುತ್ತದೆ. ಎಲ್‌ಇಡಿ ಬಲ್ಬು ಸಾಕಷ್ಟು ಬಿಸಿಯಾಗದ ಕಾರಣ ಅದಕ್ಕೆ ಬಾರದು. ವಾರಕ್ಕೊಮ್ಮೆ ಯಂತ್ರವನ್ನು ಹೊರತೆಗೆದು ಒಂದು ಗಂಟೆ ಚಾಲೂ ಇಟ್ಟು, ಎಲ್ಲ ಫೇಡರ್ ಮತ್ತು ನಾಬ್‌ಗಳನ್ನು ಈ ತುದಿಯಿಂದ ಆ ತುದಿಗೆ ಹತ್ತು ಹದಿನೈದು ಬಾರಿ ಆಡಿಸುತ್ತೇನೆ. ಯುಪಿಎಸ್‌ನ ಬ್ಯಾಟರಿಯನ್ನೂ ಅದೇ ಹೊತ್ತಿಗೆ ಚಾರ್ಜಿಗೆ ಹಾಕಿಬಿಡಿ.